ಫಕ್ಕೀರಪ್ಪನ ಲ್ಯಾಟಿನ್ ರಾಕ್ಷಸ

ಬ್ಯಾಡಗಿಯ ಫಕ್ಕೀರಪ್ಪನದು ಹೊಸ ಮನೆಗಳಿಗೆ ದೃಷ್ಟಿ ತಾಗದಿರಲೆಂದು ಹಲಗೆಯ ಮೇಲೆ ರಾಕ್ಷಸನ ಮುಖ ಬರೆದುಕೊಡುವ ಕಸುಬು. ತಲೆಗೂದಲು ಬೆಳ್ಳಗಾದರೂ ಅವನ ರಾಕ್ಷಸರಿಗೆ ಒಬ್ಬರೂ ಹೆದರಿದ್ದಿಲ್ಲ. ಕೋರೆಹಲ್ಲು ಎಷ್ಟು ಉದ್ದ ಎಳೆದರೂ ಆ ಮುಖಗಳು ಊಟಕ್ಕೆ ಕರೆಯಲು ಬಂದ ಬೀಗರ ಹಾಗೆ ಕಾಣುತ್ತಿದ್ದವು. ನಾಯಿ ಬೊಗಳಿದರೆ ಓಣಿ ಬದಲಿಸುವ ಆಸಾಮಿ ತಾನು, ಕುಂಚಕ್ಕೆ ಧೈರ್ಯ ಎಲ್ಲಿಂದ ಬಂದೀತು ಎಂದು ಅವನೇ ನಗುತ್ತಿದ್ದ.

ಈ ಸಲ ನಗು ಬರಲಿಲ್ಲ. ಮೋಟೆಬೆನ್ನೂರಿನಲ್ಲಿ ಮನೆ ಕಟ್ಟಿಸಿದ್ದ ಸುಧಾರಾಣಿ ಹಲಗೆಯನ್ನು ವಾಪಸು ತಂದಿಟ್ಟಳು.

"ನಮ್ಮ ಮೊಮ್ಮಗಳು ಇದಕ್ಕ ಮುತ್ತು ಕೊಡ್ತಾಳ್ರಿ. ಗೃಹಪ್ರವೇಶ ಆಗೋದ್ರೊಳಗ ಬ್ಯಾರೆ ಬರದು ಕೊಡ್ರಿ. ಆಗದಿದ್ರ ರಾಣೆಬೆನ್ನೂರಾಗ ಪ್ರಿಂಟ್ ಮಾಡಿದ್ದು ಸಿಗ್ತೈತಿ."

ಕೈಯಿಂದ ಬರೆಸುವ ಗಿರಾಕಿ ಎಂದು ಉಳಿದಿದ್ದವಳು ಅವಳೊಬ್ಬಳೇ. ಅವಳೂ ಹೋದರೆ ತನ್ನ ಕುಂಚ ಮೂಲೆ ಸೇರಿದಂತೆಯೇ ಎಂದು ಫಕ್ಕೀರಪ್ಪ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತುಬಿಟ್ಟ.

ಹಾವೇರಿಯ ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಿದ್ದ ಮಗಳು ಶಿಲ್ಪಾ ಅಪ್ಪನ ಜೋಲುಮುಖ ನೋಡಿ ಪಕ್ಕದಲ್ಲಿ ಕುಳಿತಳು.

"ಅಪ್ಪಾ, ರಾಕ್ಷಸಗ ಇಂಗ್ಲಿಷ್‌ನ್ಯಾಗ ಮಾನ್‌ಸ್ಟರ್ ಅಂತೀವಲ್ಲ, ಅದು ಹಳೇ ರೋಮ್‌ನವರ ಲ್ಯಾಟಿನ್‌ದಿಂದ ಬಂದ ಮಾತು. ಎರಡು ತಲಿ ಕರು ಹುಟ್ಟಿದ್ರ ದೇವರು ಏನೋ ಸೂಚನಾ ಕೊಡಾಕತ್ತಾನ ಅಂತಿದ್ರಂತ ಅವರು. ಅಂಥಾದ್ದಕ್ಕ ಮೊನ್‌ಸ್ಟ್ರುಮ್ ಅಂತ ಹೆಸರು. ಅದರ ಬೇರು ಮೊನೇರೆ, ಅಂದ್ರ ಎಚ್ಚರ ಕೊಡೋದು. ಕಚ್ಚೋದಲ್ಲ."

ಫಕ್ಕೀರಪ್ಪ ಕುಂಚ ಹಿಡಿದು ಯೋಚಿಸಿದ. ತನಗೆ ಎಚ್ಚರ ಕೊಟ್ಟವರು ಯಾರು? ಹೆಂಡತಿ ಜಯವ್ವನನ್ನು ಬಿಟ್ಟರೆ ಇನ್ನಾರೂ ಇಲ್ಲ. ಚಪ್ಪಲಿ ಹಾಕಿಕೊಂಡು ಏಣಿ ಹತ್ತಬೇಡಿ ಎಂದು ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದಾಳೆ. ಒಮ್ಮೆ ಬಿದ್ದು ಮೊಣಕೈ ಸೊಟ್ಟಗಾದ ಮೇಲೂ ಮಹಾರಾಯ ಚಪ್ಪಲಿ ಬಿಟ್ಟಿಲ್ಲ. ಹೇಳುವಾಗ ಅವಳ ಒಂದು ಹುಬ್ಬು ಮೇಲೇರುತ್ತದೆ, ತುಟಿ ಬಿಗಿಯುತ್ತದೆ. ಅದನ್ನೇ ಬರೆದ. ರೂಢಿಗೆ ಎರಡು ಸಣ್ಣ ಕೋರೆಹಲ್ಲು ಇಟ್ಟ. ಗುರುತು ಸಿಕ್ಕರೆ ರಾತ್ರಿ ಊಟ ಸಿಗುವುದಿಲ್ಲವೆಂದು ದೊಡ್ಡ ಮೀಸೆಯನ್ನೂ ಬರೆದ.

ಗೃಹಪ್ರವೇಶದ ಬೆಳಿಗ್ಗೆ ಏಣಿ ಹತ್ತಿ ಹಲಗೆಯನ್ನು ಬಾಗಿಲ ಮೇಲೆ ಒಂದೇ ಮೊಳೆಗೆ ತೂಗುಹಾಕಿದ. ಸುಧಾರಾಣಿಯ ಗಂಡ ಶಶಿಕಾಂತ ತಲೆಯೆತ್ತಿ ನೋಡಿದವನೇ ಬೀಡಿ ಆರಿಸಿದ. ಮೊಮ್ಮಗಳು ಬೆಲ್ಲ ಹಿಡಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಇದು ನೋಡ್ರಿ ರಾಕ್ಷಸ ಅಂದ್ರ," ಎಂದಳು ಸುಧಾರಾಣಿ.

ಫಕ್ಕೀರಪ್ಪ ಉಬ್ಬಿಹೋದ. ಅಷ್ಟರಲ್ಲಿ ಊಟಕ್ಕೆ ಬಂದ ಜಯವ್ವ ಬಾಗಿಲ ಮುಂದೆ ನಿಂತುಬಿಟ್ಟಳು. ಮೀಸೆಯ ಮೇಲೆ ಅವನಿಗಿದ್ದ ಭರವಸೆಯೆಲ್ಲ ಆಗಲೇ ಇಳಿದುಹೋಯಿತು.

"ಯಾರ ಮಾರಿ ಬರದೀರಿ ಇದು?"

"ಲ್ಯಾಟಿನ್‌ದವರದು."

ಜಯವ್ವ ಮೀಸೆಯನ್ನು ಬಿಟ್ಟು ಮೇಲೇರಿದ ಆ ಹುಬ್ಬನ್ನೇ ನೋಡಿದಳು.

"ಪಾಪ, ಎಷ್ಟು ವರ್ಷದಿಂದ ಹೇಳಾಕತ್ತಾಳೋ ಏನೋ. ಕೇಳೋರ ಇಲ್ಲ ಅನಸ್ತೈತಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವನಿಗೆ ನಾಚಿಕೆಯಾಯಿತು. ಗಾಳಿಗೆ ಹಲಗೆ ವಾಲುತ್ತಿತ್ತು, ಇನ್ನೊಂದು ಮೊಳೆ ಹೊಡೆಯಬೇಕಿತ್ತು. ಫಕ್ಕೀರಪ್ಪ ಏಣಿಯ ಹತ್ತಿರ ಹೋದ, ಚಪ್ಪಲಿ ಕಳಚಿ ಪಕ್ಕಕ್ಕಿಟ್ಟ, ಬರಿಗಾಲಲ್ಲಿ ಹತ್ತಿದ. ಕೆಳಗೆ ಜಯವ್ವ ಏಣಿ ಹಿಡಿದುಕೊಂಡು ನಿಂತಳು.