ಕೇಳದೆ ಕಿತ್ತ ಕಾರ್ಡು

ಆಕೆ ಪುಟ್ಟ ಸ್ಕ್ರೂಗಳನ್ನು ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಂಡೇ ಬೈಯುತ್ತಿದ್ದರು. ಒಂದೂ ಬೀಳುತ್ತಿರಲಿಲ್ಲ. ಶಿರಾ ಗೇಟ್‌ನ ಬೇಕರಿಯ ಪಕ್ಕ ಅವರ ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ನಾನು ರಿಪೇರಿಯಮ್ಮ ಎಂದೇ ಕರೆಯುತ್ತಿದ್ದೆ. "ಗಂಡಸ್ರು ಯಾರೂ ಇಲ್ವಾ?" ಎಂದು ಇಣುಕಿದ ಗಿರಾಕಿಗೆ, "ಅವ್ರು ಮನೇಲಿ ಸೀರಿಯಲ್ ನೋಡ್ತಾವ್ರೆ. ನಿಂಗೆ ರಿಪೇರಿ ಬೇಕಾ, ಗಂಡಸ್ರು ಬೇಕಾ?" ಎನ್ನುತ್ತಿದ್ದರು.

ನಾನು ಚೇಳೂರಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ರಕ್ತ ಕೊಡಲು ಒಪ್ಪಿದವರ ಪಟ್ಟಿ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿದೆ. ಅದು ತೆರೆದುಕೊಳ್ಳಲು ಹತ್ತು ನಿಮಿಷ ಬೇಕಾಗುತ್ತಿತ್ತು. ಅಷ್ಟು ಹೊತ್ತೂ ಆಸ್ಪತ್ರೆಯಿಂದ ಫೋನ್ ಮಾಡಿದವರು ಕಾಯಬೇಕು. ಹೊಸದು ಕೊಳ್ಳಿ ಎಂದು ಎಲ್ಲರೂ ಹೇಳಿದರು. ರಿಪೇರಿಯಮ್ಮ ಮಾತ್ರ ಬೆರಳಗಲದ ಒಂದು ಎಸ್‌ಎಸ್‌ಡಿ ಕಾರ್ಡನ್ನು ಒಳಗೆ ಕೂರಿಸಿದರು. ಮರುದಿನದಿಂದ ಅರ್ಧ ನಿಮಿಷಕ್ಕೆ ಪಟ್ಟಿ ಕಣ್ಣೆದುರು.

"ದೊಡ್ಡ ಡಿಸ್ಕು ಅಟ್ಟ ಇದ್ದಂಗೆ ಮೇಷ್ಟ್ರೇ. ಈ ಕಾರ್ಡು ಒಲೆ ಪಕ್ಕದ ಗೂಡು. ಸಾಸಿವೆಗೆ ದಿನಾ ಅಟ್ಟ ಹತ್ತೀರಾ? ನೀವು ಹೊಸದಾಗಿ ಬರೆದಿದ್ದೂ ಮೊದ್ಲು ಇಲ್ಲೇ ಕೂತು, ಆಮೇಲೆ ಅಟ್ಟಕ್ಕೆ ಹೋಗುತ್ತೆ. ಅದ್ಕೇ, ನನ್ ಕೇಳ್ದೆ ಯಾರೂ ಇದನ್ನ ಕೀಳ್ಬಾರ್ದು."

ಪ್ರತಿ ತಿಂಗಳ ಒಂದನೇ ತಾರೀಖು ಲ್ಯಾಪ್‌ಟಾಪಿನ ಧೂಳು ತೆಗೆಸುವುದು ನನ್ನ ನಿಯಮ. ಒಮ್ಮೆ ಆ ದಿನ ಅವರು ಅಂಗಡಿ ಮುಚ್ಚಿ ಊರ್ಡಿಗೆರೆಗೆ ಹೋಗಿದ್ದರು. ಎರಡು ದಿನ ಕಾದಿದ್ದರೆ ಆಗುತ್ತಿತ್ತು. ನಾನು ಕಾಯಲಿಲ್ಲ. ಮುಂದಿನ ರಸ್ತೆಯ, ಗಾಜಿನ ಬಾಗಿಲಿನ ಕಂಪ್ಯೂಟರ್ ಅಂಗಡಿಗೆ ಕೊಟ್ಟೆ. ಅದರ ಮಾಲೀಕ ಕಾರ್ಡನ್ನು ನೋಡಿ, "ಈ ಕಾಲದಲ್ಲಿ ಇದ್ಯಾತಕ್ಕೆ ಸಾರ್?" ಎಂದು ಕಿತ್ತು ಬುಟ್ಟಿಗೆಸೆದ. ಲ್ಯಾಪ್‌ಟಾಪ್ ಮತ್ತೆ ತೆರೆಯಲೇ ಇಲ್ಲ. "ಡಿಸ್ಕ್ ಹೋಗೈತೆ. ಹೊಸದು ತೋರಿಸ್ಲಾ?" ಎಂದ, ನಗುತ್ತಾ.

ಹೆಸರು ಬರೆದಿಟ್ಟಿದ್ದ ನೋಟ್‌ಬುಕ್ಕುಗಳನ್ನು ನಾನು ಎಂದೋ ರದ್ದಿಗೆ ಹಾಕಿದ್ದೆ. ಒಂದು ವಸ್ತು ಎರಡು ಕಡೆ ಇರಬಾರದು ಎಂಬುದು ನನ್ನ ಶಿಸ್ತು. ಎಂಥ ಮೂರ್ಖ ಶಿಸ್ತು! ಆ ಸಂಜೆಯೇ ಕುಣಿಗಲ್‌ನಿಂದ ಫೋನ್ ಬಂತು. ಹೆರಿಗೆ, ಓ ನೆಗೆಟಿವ್ ಬೇಕು. ಕೊಡಲು ನನ್ನಲ್ಲಿ ಒಂದು ನಂಬರೂ ಇರಲಿಲ್ಲ. ಅವರಿಗೆ ಬೇರೆ ಕಡೆ ರಕ್ತ ಸಿಕ್ಕಿತು. ಅದರಲ್ಲಿ ನನ್ನ ಪಾಲೇನೂ ಇಲ್ಲ.

ಸುದ್ದಿ ತಿಳಿಸಿದಾಗ ರಿಪೇರಿಯಮ್ಮ ಮರುದಿನದ ಮೊದಲ ಬಸ್ಸಿಗೇ ಬಂದರು. ನೇರ ಗಾಜಿನ ಬಾಗಿಲು ತಳ್ಳಿದರು. ನಾನು ಹಿಂದೆ.

ಮಾಲೀಕ ತಲೆಯೆತ್ತಿ, "ಏನಮ್ಮ, ಕಸ ಗುಡ್ಸೋರು ಹಿಂದುಗಡೆಯಿಂದ ಬರ್ಬೇಕು ಅಂತ ಗೊತ್ತಿಲ್ವಾ?" ಎಂದ.

"ಕಸಕ್ಕೇ ಬಂದಿದೀನಿ ಬುಡು," ಎಂದು ಆಕೆ ಬುಟ್ಟಿಯನ್ನು ಅವನ ಹೊಳೆಯುವ ನೆಲದ ಮೇಲೆ ಬೋರಲು ಹಾಕಿದರು. ಟೀ ಲೋಟ, ವೈರು, ಬಾಳೆಹಣ್ಣಿನ ಸಿಪ್ಪೆಗಳ ನಡುವೆ ಕೈಯಾಡಿಸಿ ಕಾರ್ಡನ್ನು ಹುಡುಕಿದರು. ಅವನು ಏಕವಚನದಲ್ಲಿ ಇನ್ನೂ ಏನೇನೋ ಅಂದ. ನಾನು ಗೋಡೆಯ ಮೇಲಿನ ಜಾಹೀರಾತು ಓದುತ್ತಾ ನಿಂತಿದ್ದೆ.

ಹೊರಗೆ ಬಂದ ಮೇಲೆ ಆಕೆ ಕೇಳಿದರು: "ಮೂವತ್ತು ವರ್ಷ ಸೀಟಿ ಊದಿದೋರು. ಈವತ್ತು ಬಾಯ್ಗೆ ಏನಾಗಿತ್ತು ಮೇಷ್ಟ್ರೇ?"

ನಾನು ಅವರ ಅಂಗಡಿಯ ಶಟರ್ ಎತ್ತಿಕೊಟ್ಟೆ. ಆಕೆ ಕಾರ್ಡಿನ ತುದಿಯನ್ನು ರಬ್ಬರಿನಿಂದ ಉಜ್ಜಿ, ಇದ್ದ ಜಾಗದಲ್ಲೇ ಕೂರಿಸಿದರು. ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಬಂತು, ಹಿಂದಿನ ವಾರ ಸೇರಿಸಿದ ಹೆಸರುಗಳ ಸಮೇತ. "ಇದರದ್ದು ಇನ್ನೊಂದು ಕಾಪಿ ಇಡಿ. ಈವತ್ತೇ," ಎಂದಷ್ಟೇ ಹೇಳಿದರು.

ಆಮೇಲೂ ನಾನು ತಿಂಗಳು ತಿಂಗಳು ಹೋದೆ. ಅವರು ಧೂಳು ತೆಗೆದರು, ಬೈದರು. ನಾನು ಮಾತ್ರ ಆ ದಿನದ ವಿಷಯ ಎತ್ತಲಿಲ್ಲ. ಈ ಆಷಾಢದಲ್ಲಿ ಎದೆನೋವು ಬಂದು ಒಂದೇ ದಿನದಲ್ಲಿ ಅವರು ಹೋದರು ಎಂದು ಬೇಕರಿಯವರು ಹೇಳಿದರು.

ಮಾರನೆಯ ಬೆಳಿಗ್ಗೆ ಗಾಜಿನ ಬಾಗಿಲು ತೆರೆಯುವ ಹೊತ್ತಿಗೆ ನಾನು ಅಲ್ಲಿದ್ದೆ. ಆ ಕಾರ್ಡು ಯಾಕಿತ್ತು, ನನ್ನ ಪಟ್ಟಿಯನ್ನು ಉಳಿಸಿದವರು ಯಾರು, ಅವರಿಗೆ ಅವನು ಅಂದದ್ದೇನು, ಎಲ್ಲವನ್ನೂ ಗಟ್ಟಿಯಾಗಿ ಹೇಳಿದೆ. ಗಿರಾಕಿಗಳು ತಿರುಗಿ ನೋಡಿದರು.

"ಯಾವ ಹೆಂಗ್ಸು ಸಾರ್? ನಂಗೆ ಗ್ಯಾನನೇ ಇಲ್ಲ," ಎಂದ ಅವನು. ನಿಜಕ್ಕೂ ಅವನಿಗೆ ನೆನಪಿರಲಿಲ್ಲ. ಕುರ್ಚಿ ಎಳೆದು, "ಕೂತ್ಕೊಳಿ ಸಾರ್, ನೀರು ಕುಡೀರಿ. ಬಿಪಿ ಐತಾ?" ಎಂದ.

ನಾನು ಕೂರಲಿಲ್ಲ. ಮೊದಲಿನಿಂದ ಮತ್ತೆ ಹೇಳಿದೆ.