ಗೆದ್ದವರಿಗಾಗಿ ಮಾವನ ಪ್ರಾರ್ಥನೆ

ಚೀಟಿ ಹಿಡಿದು ಓದುತ್ತಿದ್ದ ನನ್ನ ಮಾವ ಅರ್ಧಕ್ಕೇ ನಿಂತುಬಿಟ್ಟರು. ಸಾಗರದ ನಮ್ಮ ಚರ್ಚಿನಲ್ಲಿ ಭಾನುವಾರದ ಪೂಜೆಯ ನಡುವೆ ದೇಶದ ನಾಯಕರಿಗಾಗಿ ಪ್ರಾರ್ಥನೆ ಓದುವುದು ಮನೆಮನೆಯ ಸರದಿ. ಎಂಬತ್ತರ ದಶಕದ ಆ ಚುನಾವಣೆಯ ಫಲಿತಾಂಶ ಬಂದ ವಾರವೇ ನಮ್ಮ ಸರದಿ ಬಂದಿತ್ತು. ಮಾವ ಊರೂರು ತಿರುಗಿ ಪ್ರಚಾರ ಮಾಡಿದ್ದ ಅಭ್ಯರ್ಥಿ ಸೋತಿದ್ದರು. ಗೆದ್ದವರ ಪರ ಓಡಾಡಿದ್ದ ಮಾವನ ಭಾವ ಮುಂದಿನ ಬೆಂಚಿನಲ್ಲೇ ಇದ್ದರು. ತಿಂಗಳಿಂದ ಇಬ್ಬರ ನಡುವೆ ಮಾತಿರಲಿಲ್ಲ.

ಓಟಿನ ಶಾಯಿ ಇನ್ನೂ ಮಾಸದ ಬೆರಳಿನಿಂದ ಕನ್ನಡಕ ಸರಿಮಾಡಿಕೊಂಡು, ಮಾವ ಚೀಟಿಯಲ್ಲಿ ಇಲ್ಲದ್ದನ್ನು ಹೇಳಿದರು: "ನಾನು ಯಾರಿಗೆ ಓಟು ಹಾಕ್ಲಿಲ್ವೋ ಅವರಿಗೂ ಒಳ್ಳೆ ಬುದ್ಧಿ ಕೊಡು ಸ್ವಾಮಿ. ಒಳ್ಳೆ ಆರೋಗ್ಯನೂ ಕೊಡು."

"ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಉತ್ತರಿಸಿದವರು ಆ ಭಾವನೇ.

ಹೊರಗೆ ಬಂದ ಮೇಲೆ ಅವರೇ ಹತ್ತಿರ ಬಂದು ಕೇಳಿದರು, "ಬುದ್ಧಿ ಕೇಳಿದ್ದು ಸರಿ. ಆರೋಗ್ಯ ಯಾಕೆ ಕೇಳಿದ್ಯೋ ಮಾರಾಯ?"

"ಮುಂದಿನ ಸಲ ಸೋಲಿಸ್ಬೇಕಲ್ಲ ಭಾವ, ಅಲ್ಲೀವರೆಗೆ ಗಟ್ಟಿಯಾಗಿರ್ಲಿ."

ಇಬ್ಬರೂ ನಗುತ್ತಲೇ ನಮ್ಮ ಮನೆಗೆ ಕಾಫಿಗೆ ಬಂದರು.

ಈಗಲೂ ಸಂಜೆ ಜಪಮಾಲೆ ಮುಗಿಸಿ ನಾಯಕರಿಗಾಗಿ ಬೇಡುವಾಗ, ಬೆಳಗಿನ ಪೇಪರಿನಲ್ಲಿ ನನಗೆ ಸಿಟ್ಟು ತರಿಸಿದವರ ಹೆಸರನ್ನೇ ಮೊದಲು ಹೇಳುತ್ತೇನೆ. ಆರೋಗ್ಯ ಕೇಳುವುದನ್ನೂ ಮರೆಯುವುದಿಲ್ಲ.