ಉಡಚಮ್ಮ ವಿಭಕ್ತಿ ಒಪ್ಪಿಸಿದ ದಿನ

ಮಧ್ಯಾಹ್ನದ ರೊಟ್ಟಿ ತಟ್ಟಿ ಮುಗಿಸಿ, ಕೈಗಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಉಡಚಮ್ಮ ಹರಿಹರದ ಮಹಿಳಾ ಸಮಾಜದ ತರಗತಿಗೆ ಓಡಿದಳು. ಅದು ೧೯೫೮ರ ಚಳಿಗಾಲ. ಆ ದಿನ ವ್ಯಾಕರಣ ಒಪ್ಪಿಸಿದವರ ಹೆಸರು ಮಾತ್ರ ಪರೀಕ್ಷೆಗೆ ಹೋಗುವುದಿತ್ತು. ಪಾಸಾದರೆ ಕೊಂಡಜ್ಜಿ ಊರಿನ ಶಿಶುವಿಹಾರದಲ್ಲಿ ಕೆಲಸ. ನಾಮಪದ, ಕ್ರಿಯಾಪದ, ಉಪಮೆ, ರೂಪಕ ಎಲ್ಲವನ್ನೂ ಅವಳು ಒಲೆಯ ಮುಂದೆ ಕೂತು ಬಾಯಿಪಾಠ ಮಾಡಿದ್ದಳು. ಆಗಿನ ಕಲಿಕೆಗೆಲ್ಲ ಒಂದು ರಾಗವಿತ್ತು.

ದಾವಣಗೆರೆಯಿಂದ ರೈಲಿನಲ್ಲಿ ಬರುತ್ತಿದ್ದ ಟೀಚರ್ ಸರ್ವಮಂಗಳಮ್ಮ ಬೋರ್ಡಿನ ಮೇಲೆ ‘ಮಾಲತೇಶ’ ಎಂದು ಬರೆದು, “ಇದಕ್ಕೆ ವಿಭಕ್ತಿ ಹಚ್ಚಿ ಹೇಳ್ರಿ ಉಡಚಮ್ಮ,” ಎಂದರು.

ಉಡಚಮ್ಮ ತಲೆ ತಗ್ಗಿಸಿ ನಿಂತಳು.

“ಯಾಕ ಸುಮ್ನಾದ್ರಿ? ಬರಲ್ಲೇನು?”

“ಬರ್ತೈತ್ರಿ. ಹೇಳಂಗಿಲ್ಲ.”

ಪಕ್ಕದಲ್ಲಿದ್ದ ಗೆಳತಿ ಮರುಳಸಿದ್ದಮ್ಮ ಕಿಸಕ್ಕನೆ ನಕ್ಕಳು. “ಅದು ಅವಳ ಯಜಮಾನ್ರ ಹೆಸರು ಟೀಚರಮ್ಮ! ಗಂಡನ ಹೆಸರು ಹೆಂಗೆ ಬಾಯಾಗೆ ತರ್ತಾಳೆ?”

ಟೀಚರ್ ಅದನ್ನು ಅಳಿಸಲು ಬಟ್ಟೆ ಎತ್ತಿಕೊಂಡರು.

“ಅಯ್ಯೋ, ಅಳಿಸಬ್ಯಾಡ್ರೀ!” ಗಂಡನ ಹೆಸರು ಒರೆಸುವುದು ಉಡಚಮ್ಮನಿಗೆ ಇನ್ನೂ ದೊಡ್ಡ ಅಪಶಕುನ. ಗೆಳತಿಯತ್ತ ತಿರುಗಿ, “ಹೆಸರು ನೀ ಹೇಳೇ ಸಿದ್ದಿ, ಪ್ರತ್ಯಯ ನಾ ಹಚ್ತೀನಿ,” ಎಂದಳು.

ಒಬ್ಬಳು ಹೆಸರು ಹೇಳುತ್ತಾ ಹೋದಳು. ಇನ್ನೊಬ್ಬಳು ಪ್ರಥಮೆಯಿಂದ ಸಪ್ತಮಿಯವರೆಗೆ ತಡವರಿಸದೆ ಪ್ರತ್ಯಯ ಸೇರಿಸಿದಳು. ಸಂಬೋಧನೆ ಬಂದಾಗ ಮರುಳಸಿದ್ದಮ್ಮ ಸೊಂಟದ ಮೇಲೆ ಕೈಯಿಟ್ಟಳು.

“ನಿನ್ ಗಂಡನ್ನ ಕೂಗಿ ಕರಿಯೋದೂ ನಾನೇ ಏನೇ?”

ತರಗತಿಯೆಲ್ಲ ನಕ್ಕಿತು, ಟೀಚರೂ ನಕ್ಕರು. ಉಡಚಮ್ಮನ ಹೆಸರು ಪರೀಕ್ಷೆಗೆ ಹೋಯಿತು. ಮಾರ್ಚ್ ತಿಂಗಳಲ್ಲಿ ಅವಳು ದಾವಣಗೆರೆಗೆ ಹೋಗಿ ಪರೀಕ್ಷೆ ಬರೆದಳು.